ಸಿಲಿಕೋನ್‌ನಲ್ಲಿ ಮತ್ಸ್ಯಕನ್ಯೆಯ ಬಾಲ: ಅಚ್ಚು, ಎರಕ ಮತ್ತು ಬಣ್ಣ

ಸೊಂಟದಿಂದ ಮೇಲೆ ಮಾನವ ದೇಹ, ಕೆಳಗೆ ಮೀನಿನ ದೇಹ ಎಂಬ ಕಲ್ಪನೆ ನಮಗೆ ಹೊಸತಲ್ಲ. ಮತ್ಸ್ಯಾವತಾರದ ಚಿತ್ರಪಟವನ್ನು ನೋಡಿ ಬೆಳೆದವರು ನಾವು. ಥಾಯ್ಲೆಂಡಿನ ರಾಮಾಯಣವಾದ ರಾಮಕಿಯೆನ್‌ನಲ್ಲಿ ರಾವಣನ ಮಗಳು ಸುವರ್ಣಮತ್ಸ್ಯೆ ಹನುಮಂತನ ಸೇತುಬಂಧದ ಕೆಲಸವನ್ನು ಕೆಡಿಸಲು ಬಂದು, ಕೊನೆಗೆ ಅವನಿಗೇ ಒಲಿಯುತ್ತಾಳೆ. ಆದರೆ ಈ ಕಲ್ಪನೆಯನ್ನು ಮೈಮೇಲೆ ತೊಟ್ಟು ನಿಜವಾಗಿಯೂ ನೀರಿಗಿಳಿಯುವ ಹವ್ಯಾಸವು ಕಳೆದ ಶತಮಾನದ್ದು; ಅದು ಬೆಳೆದದ್ದು ಮುಖ್ಯವಾಗಿ ಅಮೆರಿಕ ಹಾಗೂ ಆಸ್ಟ್ರೇಲಿಯಗಳಲ್ಲಿ.

ಸಿಡ್ನಿಯಲ್ಲಿ 1886ರಲ್ಲಿ ಹುಟ್ಟಿದ ಈಜುಗಾರ್ತಿ ಆನೆಟ್ ಕೆಲ್ಲರ್‌ಮನ್ ಬಾಲ್ಯದಲ್ಲಿ ಕಾಲುಗಳ ದೌರ್ಬಲ್ಯದಿಂದ ಬಳಲಿ, ಅದರ ಪರಿಹಾರಕ್ಕೆಂದೇ ಈಜು ಕಲಿತವರು. ಮೂಕಿ ಚಿತ್ರಗಳ ಕಾಲದಲ್ಲಿ ಬಾಲ ಧರಿಸಿ ಕ್ಯಾಮೆರಾದ ಮುಂದೆ ಈಜಿದ ಅವರು 1914ರ 'ನೆಪ್ಚೂನ್ಸ್ ಡಾಟರ್' ಚಿತ್ರದಿಂದ ಜಗತ್ತಿಗೆಲ್ಲ ಪರಿಚಿತರಾದರು. ಫ್ಲೋರಿಡಾದ ವೀಕಿ ವಾಚಿ ಎಂಬ ಚಿಲುಮೆಯಲ್ಲಿ ನ್ಯೂಟನ್ ಪೆರಿ ಎಂಬಾತ 1947ರಲ್ಲಿ ನೀರೊಳಗಿನ ರಂಗಮಂದಿರವನ್ನೇ ತೆರೆದ. ಅಲ್ಲಿಯ ಕಲಾವಿದೆಯರು ಕೊಳವೆಯ ಮೂಲಕ ಉಸಿರು ಪಡೆಯುತ್ತ, ಗಾಜಿನಾಚೆ ಕುಳಿತ ಪ್ರೇಕ್ಷಕರಿಗಾಗಿ ಅಭಿನಯಿಸುತ್ತಾರೆ. 2008ರಿಂದ ಅದು ಸರ್ಕಾರಿ ಉದ್ಯಾನವಾಗಿದೆ. 1984ರಲ್ಲಿ 'ಸ್ಪ್ಲಾಶ್' ಎಂಬ ಚಲನಚಿತ್ರ ಬಂದ ಮೇಲೆ, ಬಟ್ಟೆಯ ಬಾಲಕ್ಕಿಂತ ಮಾಂಸಖಂಡದಂತೆ ಬಳುಕುವ ಬಾಲವೇ ಬೇಕೆಂಬ ಆಸೆ ಅನೇಕರಲ್ಲಿ ಮೊಳೆಯಿತು. ವೇಷಭೂಷಣ ಹಾಗೂ ಚಲನಚಿತ್ರ ಪ್ರಸಾಧನಕ್ಕೆಂದು ತಯಾರಾದ ಮೃದು ಸಿಲಿಕೋನ್ ಸಾಮಾನ್ಯರ ಕೈಗೆಟುಕಿದಾಗ ಆ ಆಸೆ ಮನೆಯ ಗ್ಯಾರೇಜುಗಳಲ್ಲೇ ಕೈಗೂಡತೊಡಗಿತು.

ಸಿಲಿಕೋನ್ ಏಕೆ ಎಂಬುದನ್ನು ಮೊದಲು ತಿಳಿಯಬೇಕು. ಇದರ ಅಣುಗಳ ಬೆನ್ನೆಲುಬು ಸಿಲಿಕಾನ್ ಮತ್ತು ಆಮ್ಲಜನಕದ ಸರಪಳಿ. ಬಿಸಿಲು, ಉಪ್ಪುನೀರು, ಈಜುಕೊಳದ ಕ್ಲೋರಿನ್ ಇವುಗಳಿಗೆ ಅದು ಬೇಗನೆ ಜಗ್ಗುವುದಿಲ್ಲ. ಈ ಹವ್ಯಾಸಿಗಳು ಹೆಚ್ಚಾಗಿ ಬಳಸುವುದು ಪ್ಲಾಟಿನಂ ವೇಗವರ್ಧಕದಿಂದ ಗಟ್ಟಿಯಾಗುವ ಬಗೆಯನ್ನು. ಸ್ಮೂತ್-ಆನ್ ಕಂಪನಿಯ 'ಡ್ರ್ಯಾಗನ್ ಸ್ಕಿನ್' ಇದಕ್ಕೆ ಪ್ರಸಿದ್ಧ ಉದಾಹರಣೆ. ಎ, ಬಿ ಎಂಬ ಎರಡು ದ್ರವಗಳನ್ನು ಸಮಪಾಲಿನಲ್ಲಿ ಬೆರೆಸಿದರೆ ಕೆಲವು ಗಂಟೆಗಳಲ್ಲಿ ಅದು ರಬ್ಬರಾಗುತ್ತದೆ. ಅದರಲ್ಲಿ 10, 20, 30 ಎಂಬ ಅಂಕಿಗಳು ಗಡಸುತನವನ್ನು ಸೂಚಿಸುತ್ತವೆ. ಹತ್ತರದು ತನ್ನ ಉದ್ದದ ಹತ್ತು ಪಟ್ಟು ಹಿಗ್ಗಬಲ್ಲದು. ಮೂವತ್ತರದು ಅಷ್ಟು ಹಿಗ್ಗದು. ಬಾಲದ ಮೈಗೆ ಮೃದುವಾದದ್ದು, ಈಜುರೆಕ್ಕೆಯ ಅಂಚಿಗೆ ತುಸು ಗಡಸಾದದ್ದು ಒಳ್ಳೆಯದು.

ಕಟ್ಟಡದ ಕಿಟಕಿ, ಸ್ನಾನಗೃಹಗಳ ಸಂದು ಮುಚ್ಚಲು ಬಳಸುವ, ವಿನೆಗರ್ ವಾಸನೆಯ ಸಿಲಿಕೋನ್ ಸೀಲಂಟಿನಿಂದಲೂ ಬಾಲ ಮಾಡುವವರಿದ್ದಾರೆ. ಬೆಲೆ ಕಡಿಮೆ ಎಂಬುದೇ ಅದರ ಆಕರ್ಷಣೆ. ಆದರೆ ಅದು ಗಾಳಿಯ ತೇವವನ್ನು ಹೀರಿ ಹೊರಗಿನಿಂದ ಒಳಕ್ಕೆ ಗಟ್ಟಿಯಾಗುವ ಪದಾರ್ಥ; ದಪ್ಪನಾಗಿ ಹಚ್ಚಿದರೆ ಒಳಭಾಗ ದಿನಗಟ್ಟಲೆ ಹಸಿಯಾಗಿಯೇ ಉಳಿಯುತ್ತದೆ. ಪರೀಕ್ಷೆಗೊಂದು ತುಂಡು ಮಾಡಿಕೊಳ್ಳಲು ಅದು ಸಾಕು. ಇಡೀ ಬಾಲಕ್ಕೆ ನಾನು ಅದನ್ನು ಶಿಫಾರಸು ಮಾಡಲಾರೆ.

ಕೆಲಸ ಆರಂಭವಾಗುವುದು ಧರಿಸುವವರ ಮೈಯಳತೆಯಿಂದ. ಸೊಂಟದಿಂದ ಪಾದದವರೆಗೆ ತೆಳು ಪ್ಲಾಸ್ಟಿಕ್ ಹಾಳೆ ಸುತ್ತಿ, ಅದರ ಮೇಲೆ ಅಗಲವಾದ ಡಕ್ಟ್ ಟೇಪನ್ನು ಪದರಪದರವಾಗಿ ಸುತ್ತುತ್ತಾರೆ. ಕಾಲುಗಳು ಜೋಡಿಯಾಗಿರಬೇಕು, ಪಾದದ ಬೆರಳುಗಳು ನರ್ತಕಿಯಂತೆ ಕೆಳಮುಖವಾಗಿ ಚಾಚಿರಬೇಕು. ಬಳಿಕ ಹಿಂಬದಿಯಲ್ಲಿ ಜಾಗರೂಕತೆಯಿಂದ ಕತ್ತರಿಸಿ ತೆಗೆದು, ಸೀಳನ್ನು ಮತ್ತೆ ಅಂಟಿಸಿ, ಒಳಗೆ ಹಳೆಯ ಪತ್ರಿಕೆಗಳನ್ನು ಗಿಡಿದು ತುಂಬಿದರೆ ಕಾಲಿನ ಪ್ರತಿರೂಪ ಸಿದ್ಧ. ಸುತ್ತುವಾಗ ಬಿಗಿ ಹೆಚ್ಚಾದರೆ ರಕ್ತಸಂಚಾರಕ್ಕೆ ತೊಂದರೆ, ನಿಂತವರು ಆಯತಪ್ಪಿ ಬೀಳುವುದೂ ಉಂಟು. ಆದ್ದರಿಂದ ಇದು ಒಬ್ಬರೇ ಮಾಡುವ ಕೆಲಸವಲ್ಲ.

ಬಾಲಕ್ಕೆ ಬಲ ಕೊಡುವುದು ಸಿಲಿಕೋನ್ ಅಲ್ಲ, ಅದರೊಳಗೆ ಅಡಗಿದ ಮೊನೊಫಿನ್. ಅಂದರೆ ಎರಡೂ ಪಾದಗಳನ್ನು ಒಟ್ಟಿಗೆ ತೂರಿಸುವ ಒಂದೇ ಅಗಲ ಹಲಗೆ. ಮನೆಯಲ್ಲಿ ಮಾಡುವವರು ಇದನ್ನು ಪಾಲಿಕಾರ್ಬೊನೇಟ್ ಹಾಳೆಯಿಂದ ಕತ್ತರಿಸುತ್ತಾರೆ. ನೋಡಲು ಅದರಂತೆಯೇ ಇರುವ ಅಕ್ರಿಲಿಕ್ ಹಾಳೆ ಬಳಸಬಾರದು. ಅದು ಬಾಗದೆ ಬಿರಿಯುತ್ತದೆ, ಬಿರಿದ ಚೂರು ಸಿಲಿಕೋನನ್ನೂ ಪಾದವನ್ನೂ ಸೀಳುತ್ತದೆ. ಇಲ್ಲೊಂದು ಸ್ವಾರಸ್ಯವಿದೆ. ಮೀನಿನ ಬಾಲ ನಿಂತಿರುತ್ತದೆ, ಎಡಬಲಕ್ಕೆ ಬೀಸುತ್ತದೆ. ಮತ್ಸ್ಯಕನ್ಯೆಯ ಬಾಲ ಮಾತ್ರ ಡಾಲ್ಫಿನ್, ತಿಮಿಂಗಿಲಗಳ ಬಾಲದಂತೆ ಮಲಗಿರುತ್ತದೆ, ಮೇಲೆಕೆಳಗೆ ಬೀಸುತ್ತದೆ. ನಮ್ಮ ಮಂಡಿಯೂ ಬೆನ್ನೂ ಬಲವಾಗಿ ಬಾಗುವುದು ಆ ದಿಕ್ಕಿನಲ್ಲಿಯೇ ಆದ್ದರಿಂದ ಬೇರೆ ದಾರಿಯಿಲ್ಲ. ಹೀಗಾಗಿ ಮೈಮೇಲೆ ಮೀನಿನ ಹುರುಪೆಯಿದ್ದರೂ ಈಜು ಮಾತ್ರ ಸಸ್ತನಿಯದು.

ಇನ್ನು ಹುರುಪೆಗಳು. ಸಾಮಾನ್ಯವಾಗಿ ಇವನ್ನು ಸಮತಟ್ಟಾದ ಹಲಗೆಯ ಮೇಲೆ ಜೇಡಿಯಲ್ಲಿ ರೂಪಿಸುತ್ತಾರೆ. ಮಂಗಳೂರು ಹೆಂಚು ಹೊದಿಸುವುದನ್ನು ಕಂಡವರಿಗೆ ಇದರ ಕ್ರಮ ಹೇಳಿಕೊಡಬೇಕಾಗಿಲ್ಲ. ಸೂರಿನ ಕಡೆಯಿಂದ ಆರಂಭಿಸಿ ಮೇಲಕ್ಕೆ ಹೋಗುವಂತೆ, ಇಲ್ಲಿಯೂ ಪಾದದ ಕಡೆಯಿಂದ ಆರಂಭಿಸಿ ಸೊಂಟದ ಕಡೆಗೆ ಸಾಲು ಸಾಲಾಗಿ ಇಡುತ್ತ ಹೋಗಬೇಕು. ಮೇಲಿನ ಸಾಲು ಕೆಳಗಿನ ಸಾಲಿನ ಸಂದುಗಳನ್ನು ಮುಚ್ಚಬೇಕು. ತೊಡೆಯ ಬಳಿ ದೊಡ್ಡ ಹುರುಪೆ, ಪಾದದ ಕಡೆಗೆ ಕ್ರಮೇಣ ಚಿಕ್ಕವು. ಎಲ್ಲವೂ ಒಂದೇ ಅಳತೆಯಲ್ಲಿದ್ದರೆ ಅದು ಮೀನಿನ ಮೈಯಂತೆ ಕಾಣದೆ ನೆಲದ ಹಾಸಿನಂತೆ ಕಾಣುತ್ತದೆ. ಜೇಡಿಯ ಮೇಲೆ ಪ್ಲಾಸ್ಟರ್ ಆಫ್ ಪ್ಯಾರಿಸ್ ಸುರಿದು ಅಚ್ಚು ತೆಗೆಯುತ್ತಾರೆ. ಅಚ್ಚು ಪೂರ್ತಿ ಒಣಗಿದ ಮೇಲೆ ಪಾರದರ್ಶಕ ಅಕ್ರಿಲಿಕ್ ಲೇಪನ ಕೊಟ್ಟು ಅದರ ರಂಧ್ರಗಳನ್ನು ಮುಚ್ಚಬೇಕು. ಇಲ್ಲವಾದರೆ ಸಿಲಿಕೋನ್ ಆ ರಂಧ್ರಗಳಿಗೆ ಇಳಿದು, ಕೀಳುವಾಗ ಅಚ್ಚೂ ಎರಕವೂ ಒಟ್ಟಿಗೆ ಹಾಳಾಗುತ್ತವೆ.

ಈ ಹಂತದಲ್ಲಿ ಹೆಚ್ಚಿನವರು ಎಡವುವುದು ಪ್ಲಾಟಿನಂನ ಸೂಕ್ಷ್ಮತೆಯ ವಿಷಯದಲ್ಲಿ. ಗಂಧಕ, ತವರದ ಸಂಯುಕ್ತಗಳು, ಅಮೀನುಗಳು, ನೈಸರ್ಗಿಕ ರಬ್ಬರಿನ ಲೇಟೆಕ್ಸ್ ಇವುಗಳಲ್ಲಿ ಯಾವುದರ ಸಂಪರ್ಕವಾದರೂ ವೇಗವರ್ಧಕವು ನಿಷ್ಕ್ರಿಯವಾಗುತ್ತದೆ. ಆಗ ಸಿಲಿಕೋನ್ ಎಷ್ಟು ದಿನ ಕಾದರೂ ಜೇನಿನಂತೆ ಅಂಟಂಟಾಗಿಯೇ ಇರುತ್ತದೆ, ಅದನ್ನು ಸರಿಪಡಿಸುವ ಉಪಾಯವಿಲ್ಲ. ಶಿಲ್ಪಿಗಳು ಬಳಸುವ ಕೆಲವು ಎಣ್ಣೆ ಜೇಡಿಗಳಲ್ಲಿ ಗಂಧಕವಿರುತ್ತದೆ. ಗಂಧಕರಹಿತವಾದದ್ದನ್ನು ಕೇಳಿ ಪಡೆಯಬೇಕು. ಕೈಗೆ ಲೇಟೆಕ್ಸ್ ಗವಸು ತೊಡಬಾರದು, ವಿನೈಲ್ ಗವಸು ತೊಡಬೇಕು. ಮುಂಬಯಿಯ ಲಾಲ್‌ಬಾಗ್ ಹಾಗೂ ಪೇಣ್ ಊರಿನ ಗಣೇಶ ಮೂರ್ತಿಯ ಕಾರ್ಖಾನೆಗಳಲ್ಲಿ ರಬ್ಬರ್ ಅಚ್ಚು ತೆಗೆಯುವ ನುರಿತ ಕೈಗಳಿವೆ. ಅವರಿಂದ ಅಚ್ಚು ಮಾಡಿಸಿಕೊಳ್ಳುವ ಯೋಚನೆ ನಮ್ಮವರಿಗೆ ಬಾರದೆ ಇರದು. ಆದರೆ ಲೇಟೆಕ್ಸ್ ಅಚ್ಚಿನಲ್ಲಿ ಈ ಸಿಲಿಕೋನ್ ಗಟ್ಟಿಯಾಗುವುದಿಲ್ಲವೆಂಬುದು ನೆನಪಿರಲಿ. ಅವರಲ್ಲಿ ಪ್ಲಾಸ್ಟರಿನ ಅಚ್ಚನ್ನೇ ಕೇಳಬೇಕು. ಏನೇ ಆಗಲಿ, ಮೊದಲು ಒಂದು ಚಮಚದಷ್ಟು ಬೆರೆಸಿ ಅಚ್ಚಿನ ಮೂಲೆಯಲ್ಲಿ ಹಚ್ಚಿ ಒಂದು ರಾತ್ರಿ ಬಿಟ್ಟು ನೋಡುವುದು ಕ್ಷೇಮ. ಕಿಲೋಗಟ್ಟಲೆ ಸಿಲಿಕೋನ್ ಚೆಲ್ಲುವ ನಷ್ಟ ಇದರಿಂದ ತಪ್ಪುತ್ತದೆ.

ಎರಡನೆಯ ಶತ್ರು ನಮ್ಮ ಹವೆ. ತಯಾರಕರು ಹೇಳುವ ಕಾಲಾವಧಿ 23 ಡಿಗ್ರಿ ಸೆಲ್ಸಿಯಸ್‌ಗೆ ಅನ್ವಯಿಸುವಂಥದು. ಡ್ರ್ಯಾಗನ್ ಸ್ಕಿನ್ 20 ಎಂಬುದನ್ನು ಬೆರೆಸಿದ ಮೇಲೆ 25 ನಿಮಿಷ ಕೆಲಸ ಮಾಡಬಹುದು ಎಂದು ಅವರು ಹೇಳಿದರೆ, ಚೆನ್ನೈ ಅಥವಾ ಹೈದರಾಬಾದಿನ ಮೇ ತಿಂಗಳ ಮಧ್ಯಾಹ್ನ ಅದರ ಅರ್ಧವೂ ಸಿಗಲಾರದು. ಬೆಳಗಿನ ಜಾವವೇ ಈ ಕೆಲಸಕ್ಕೆ ಪ್ರಶಸ್ತ. ದ್ರವಗಳನ್ನು ತಣ್ಣನೆಯ ಕೋಣೆಯಲ್ಲಿ ಇರಿಸಿಕೊಂಡು, ಒಮ್ಮೆಗೆ ಸ್ವಲ್ಪ ಸ್ವಲ್ಪವೇ ಬೆರೆಸಬೇಕು.

ಎರಕ ಹೊಯ್ಯುವಾಗ ಮೊದಲ ಪದರ ತೆಳುವಾಗಿ, ಕುಂಚದಿಂದ ಪ್ರತಿ ಹುರುಪೆಯ ಸಂದಿಗೂ ತಲುಪುವಂತೆ ಹಚ್ಚಬೇಕು. ಗಾಳಿಗುಳ್ಳೆಗಳು ನಿಲ್ಲುವುದು ಅಲ್ಲಿಯೇ. ಎರಡನೆಯ ಪದರದೊಳಗೆ ಹಿಗ್ಗುವ ಜಾಲರಿ ಬಟ್ಟೆಯನ್ನು ಹುದುಗಿಸಿದರೆ ಬಾಲ ಹರಿಯುವ ಭಯ ಕಡಿಮೆ, ವಿಶೇಷವಾಗಿ ಸೊಂಟದ ಅಂಚಿನಲ್ಲಿ. ಹೀಗೆ ತಯಾರಾದ ಹಾಳೆಗಳನ್ನು ಕಾಲಿನ ಪ್ರತಿರೂಪಕ್ಕೆ ಸುತ್ತಿ, ಸೇರುವ ಗೆರೆಗಳನ್ನು ಸಿಲಿಕೋನ್‌ನಿಂದಲೇ ಬೆಸೆದು, ಗೆರೆಯ ಮೇಲೆ ಬಿಡಿ ಹುರುಪೆಗಳನ್ನು ಅಂಟಿಸಿ ಮರೆಮಾಡುತ್ತಾರೆ. ಮೊನೊಫಿನ್ನನ್ನು ಎರಡು ರೆಕ್ಕೆಯ ಹಾಳೆಗಳ ನಡುವೆ ಇಟ್ಟು ಮುಚ್ಚುತ್ತಾರೆ.

ಬಣ್ಣದ ಭಾಗಕ್ಕೆ ಬರೋಣ. ಸಿಲಿಕೋನ್‌ಗೆ ಸಿಲಿಕೋನ್ ಹೊರತು ಬೇರೇನೂ ಅಂಟುವುದಿಲ್ಲ. ಅಕ್ರಿಲಿಕ್ ಬಣ್ಣ, ಎನಾಮಲ್ ಯಾವುದನ್ನೇ ಬಳಿದರೂ ಮೊದಲ ಬಾರಿ ಮೈ ಬಳುಕಿದಾಗ ಅದು ಹಪ್ಪಳದಂತೆ ಸಿಡಿದು ಉದುರುತ್ತದೆ. ಆದ್ದರಿಂದ ಬಣ್ಣವನ್ನೂ ಸಿಲಿಕೋನ್‌ನಿಂದಲೇ ತಯಾರಿಸಬೇಕು. ಬಣ್ಣಕ್ಕೆಂದೇ ಸಿಗುವ ಸಿಲಿಕೋನ್ ದ್ರವಕ್ಕೆ ಸಿಲಿಕೋನ್ ವರ್ಣದ್ರವ್ಯವನ್ನೋ ಅಭ್ರಕದ ಪುಡಿಯನ್ನೋ ಸೇರಿಸಿ, ನ್ಯಾಫ್ತಾದಂಥ ದ್ರಾವಕದಿಂದ ಹಾಲಿನಷ್ಟು ತೆಳುವಾಗಿಸಿ ಏರ್‌ಬ್ರಷ್‌ನಿಂದ ಸಿಂಪಡಿಸುತ್ತಾರೆ. ದ್ರಾವಕ ಆರಿಹೋಗುತ್ತದೆ, ಉಳಿದ ತೆಳು ಪೊರೆ ಬಾಲದೊಂದಿಗೆ ಒಂದಾಗುತ್ತದೆ, ಅದರೊಡನೆಯೇ ಹಿಗ್ಗುತ್ತದೆ.

ಯಾವ ಬಣ್ಣ ಎಲ್ಲಿ ಎಂಬುದಕ್ಕೆ ಮೀನು ಮಾರುಕಟ್ಟೆಗಿಂತ ಉತ್ತಮ ಪಾಠಶಾಲೆಯಿಲ್ಲ. ಬಂಗುಡೆಯನ್ನು ನೋಡಿ: ಬೆನ್ನು ಕಡು ನೀಲಿ ಹಸುರು, ಹೊಟ್ಟೆ ಬೆಳ್ಳಿ. ಮೇಲಿನಿಂದ ನೋಡುವ ಹಕ್ಕಿಗೆ ಅದು ಆಳದ ಕತ್ತಲಲ್ಲಿ ಬೆರೆಯುತ್ತದೆ, ಕೆಳಗಿನಿಂದ ನೋಡುವ ಬೇಟೆಗಾರನಿಗೆ ಆಕಾಶದ ಬೆಳಕಿನಲ್ಲಿ ಬೆರೆಯುತ್ತದೆ. ಬಾಲದ ಹಿಂಬದಿಗೆ ಗಾಢ ವರ್ಣ, ಮುಂಬದಿಗೆ ತಿಳಿ ವರ್ಣ ಕೊಟ್ಟರೆ ನೋಡುವವರಿಗೆ ಕಾರಣ ತಿಳಿಯದಿದ್ದರೂ ಅದು ಜೀವಂತವಾಗಿ ತೋರುತ್ತದೆ. ಮೊದಲು ತಿಳಿಯಾದ ಮೂಲವರ್ಣ. ಅದು ಆರಿದ ಮೇಲೆ ಕಪ್ಪು ಕಂದು ಮಿಶ್ರಣವನ್ನು ಇಡೀ ಮೈಗೆ ಬಳಿದು ಕೂಡಲೇ ಬಟ್ಟೆಯಿಂದ ಒರೆಸಬೇಕು. ಉಬ್ಬಿನ ಮೇಲಿನದು ಹೋಗಿ ಸಂದಿನಲ್ಲಿರುವುದು ಉಳಿಯುತ್ತದೆ. ಪ್ರತಿಯೊಂದು ಹುರುಪೆಯೂ ನೆರಳು ಪಡೆದು ಎದ್ದು ನಿಲ್ಲುತ್ತದೆ. ಬಳಿಕ ಬೆನ್ನಿನ ಬಣ್ಣ, ಪಟ್ಟೆ, ಚುಕ್ಕೆ. ಕೊನೆಗೆ ಹುರುಪೆಯ ತುದಿಗಳಿಗೆ ಮುತ್ತಿನ ಹೊಳಪು ಹಾಗೂ ಎಲ್ಲದರ ಮೇಲೆ ಬಣ್ಣವಿಲ್ಲದ ಸಿಲಿಕೋನ್‌ನ ರಕ್ಷಾಪದರ. ಹೊಳಪಿನಲ್ಲಿ ಕೈ ಬಿಗಿಯಿರಲಿ. ಯಕ್ಷಗಾನದ ಕಿರೀಟ ಭುಜಕೀರ್ತಿಗಳ ಮಿರುಗು ರಂಗದ ದೀಪಕ್ಕೆ ತಕ್ಕುದು. ನೀರಿನೊಳಗೆ ಅಲೆಗಳೇ ಬೆಳಕನ್ನು ಕುಣಿಸುವುದರಿಂದ ಅಷ್ಟು ಮಿರುಗು ಬೇಕಾಗದು. ಆಳಕ್ಕೆ ಹೋದಂತೆ ನೀರು ಕೆಂಪನ್ನು ಮೊದಲು ನುಂಗುತ್ತದೆ ಎಂಬುದನ್ನೂ ಗಮನಿಸಬೇಕು. ಅಂಗಳದಲ್ಲಿ ಕೆಂಡದಂತಿದ್ದ ಬಾಲ ಸಮುದ್ರದಲ್ಲಿ ಕಂದಾಗಿ ಕಾಣುತ್ತದೆ.

ಈ ದ್ರಾವಕಗಳ ಆವಿ ಶ್ವಾಸಕೋಶಕ್ಕೂ ಮಿದುಳಿಗೂ ಹಾನಿಕರ, ಕಿಡಿ ತಾಗಿದರೆ ಹೊತ್ತಿಕೊಳ್ಳುತ್ತದೆ. ಮಹಾನಗರದ ಒಂದು ಕೋಣೆಯ ಮನೆಯಲ್ಲಿ, ಪಕ್ಕದಲ್ಲಿ ಗ್ಯಾಸ್ ಒಲೆ ಉರಿಯುತ್ತಿರುವಾಗ ಈ ಕೆಲಸವನ್ನು ಮಾಡಲೇಬಾರದು. ತೆರೆದ ತಾರಸಿಯೇ ಬೇಕು. ಮುಖಕ್ಕೆ ಸಾವಯವ ಆವಿಯನ್ನು ಹೀರುವ ಡಬ್ಬಿಗಳಿರುವ ಮುಖವಾಡ ಬೇಕು. ಧೂಳು ತಡೆಯುವ ಬಟ್ಟೆಯ ಮುಖವಾಡ ಇದಕ್ಕೆ ಸಾಲದು.

ಪೂರ್ಣಗೊಂಡ ಬಾಲದ ತೂಕ ಸಾಮಾನ್ಯವಾಗಿ 15ರಿಂದ 25 ಕಿಲೋ. ನೆಲದ ಮೇಲೆ ಧರಿಸಿದವರು ಒಂದಡಿ ಸರಿಯಲಾರರು. ಆದರೆ ಸಿಲಿಕೋನ್‌ನ ಸಾಂದ್ರತೆ ನೀರಿಗಿಂತ ಶೇಕಡಾ 7ರಷ್ಟು ಮಾತ್ರ ಹೆಚ್ಚು. ಆರ್ಕಿಮಿಡೀಸನ ಲೆಕ್ಕದಲ್ಲಿ 20 ಕಿಲೋ ಸಿಲಿಕೋನ್ ಸಿಹಿನೀರಿನಲ್ಲಿ ಮುಳುಗಿದಾಗ ಸುಮಾರು 1.3 ಕಿಲೋ ತೂಗುತ್ತದೆ, ಅಷ್ಟೇ. ಒಳಗೆ ನಿಯೋಪ್ರೀನ್ ಹಾಳೆ ಅಂಟಿಸಿ ಈ ಶೇಷ ತೂಕವನ್ನೂ ಸರಿದೂಗಿಸುತ್ತಾರೆ. ಭಾರ ಕಳೆದರೂ ಜಡತ್ವ ಕಳೆಯುವುದಿಲ್ಲ: ಇಪ್ಪತ್ತು ಕಿಲೋ ಬಾಲವನ್ನೂ ಅದರೊಳಗೆ ತುಂಬಿದ ನೀರನ್ನೂ ಪ್ರತಿ ಬೀಸಿಗೂ ತಳ್ಳಿ, ಪ್ರತಿ ಬೀಸಿಗೂ ನಿಲ್ಲಿಸಬೇಕು. ಬಟ್ಟರ್‌ಫ್ಲೈ ಈಜು ಬಲ್ಲವರೂ ಕೆಲವೇ ನಿಮಿಷಗಳಲ್ಲಿ ದಣಿಯುತ್ತಾರೆ.

ಕಾಲು ಕಟ್ಟಿಕೊಂಡು ನೀರಿಗಿಳಿಯುವ ಆಟವಿದು ಎಂಬುದನ್ನು ಮರೆಯುವಂತಿಲ್ಲ. ಕಾಲೂರಿ ನಿಲ್ಲಲಾಗದು, ನೀರು ತುಳಿಯಲಾಗದು, ಗಾಬರಿಯಾದರೆ ಬಾಲ ಕಳಚಲು ಸಮಯವೂ ಸಿಗದು. ಕೆನಡಾದ ಎಡ್ಮಂಟನ್ ನಗರವು 2015ರಲ್ಲಿ ತನ್ನ ಸಾರ್ವಜನಿಕ ಈಜುಕೊಳಗಳಲ್ಲಿ ಇಂಥ ಬಾಲಗಳನ್ನು ನಿಷೇಧಿಸಿದ್ದು ಈ ಭಯದಿಂದಲೇ. ಸ್ಕೂಬಾ ತರಬೇತಿ ನೀಡುವ ಅಂತಾರಾಷ್ಟ್ರೀಯ ಸಂಸ್ಥೆಗಳು ಈಗ ಮತ್ಸ್ಯಕನ್ಯೆಯ ಈಜಿಗೇ ಪ್ರತ್ಯೇಕ ಶಿಕ್ಷಣ ಕೊಡುತ್ತಿವೆ. ಜೊತೆಗಾರರಿಲ್ಲದೆ ನೀರಿಗಿಳಿಯಕೂಡದೆಂಬುದು ಅಲ್ಲಿಯ ಮೊದಲ ಪಾಠಗಳಲ್ಲೊಂದು. ಸೊಂಟದ ಅಂಚು ಎರಡೂ ಕೈಗಳಿಂದ ಒಮ್ಮೆಲೇ ಕೆಳಗೆಳೆದರೆ ಜಾರುವಷ್ಟು ಸಡಿಲವಿರಬೇಕು. ಅದನ್ನು ಆಳವಿಲ್ಲದ ನೀರಿನಲ್ಲಿ, ದಡದಲ್ಲಿ ಒಬ್ಬರು ನಿಂತಿರುವಾಗ, ಕಣ್ಣು ಮುಚ್ಚಿ ಅಭ್ಯಾಸ ಮಾಡಬೇಕು. ಸಂಘದ ವಾರ್ಷಿಕೋತ್ಸವದ ಛದ್ಮವೇಷ ಸ್ಪರ್ಧೆಗೆ ಮಗುವಿಗೊಂದು ಬಾಲ ಬೇಕೆಂದಿದ್ದರೆ ಹಳೆಯ ಮಿಂಚಿನ ಸೀರೆಯಿಂದ ಹೊಲಿದದ್ದು ಧಾರಾಳವಾಯಿತು. ಸಿಲಿಕೋನ್ ಬಾಲ ಚೆನ್ನಾಗಿ ಈಜು ಬಲ್ಲ ವಯಸ್ಕರಿಗೆ ಮಾತ್ರ.

ಬಳಸಿದ ಮೇಲೆ ಬಾಲವನ್ನು ಸಿಹಿನೀರಿನಲ್ಲಿ ತೊಳೆದು, ಒಳಮೈಯನ್ನು ಹೊರಳಿಸಿ ಒಣಗಿಸಬೇಕು. ಇಲ್ಲವಾದರೆ ಮಳೆಗಾಲದ ಮುಂಬಯಿಯಲ್ಲಿ ನಿಯೋಪ್ರೀನ್‌ಗೆ ಎರಡೇ ದಿನದಲ್ಲಿ ಬೂಷ್ಟು ಹಿಡಿಯುತ್ತದೆ. ಒಣಗಿದ ಮೇಲೆ ತುಸು ಪೌಡರ್ ಉದುರಿಸಿ ಸಮತಟ್ಟಾಗಿ ಮಲಗಿಸಿಡಬೇಕು. ಗೂಟಕ್ಕೆ ನೇತುಹಾಕಿದರೆ ತನ್ನ ಭಾರಕ್ಕೆ ತಾನೇ ಹಿಗ್ಗಿ ಸೊಂಟದ ಬಳಿ ಹರಿಯುತ್ತದೆ. ಹರಿದರೂ ಚಿಂತೆಯಿಲ್ಲ, ಅಂಚುಗಳನ್ನು ಸ್ಪಿರಿಟ್‌ನಿಂದ ಒರೆಸಿ ಹೊಸ ಸಿಲಿಕೋನ್ ಹಚ್ಚಿದರೆ ಗಾಯ ಕೂಡಿಕೊಳ್ಳುತ್ತದೆ. ಅದಕ್ಕಾಗಿ ಎ, ಬಿ ಎರಡರಲ್ಲೂ ಸ್ವಲ್ಪ ಉಳಿಸಿಟ್ಟುಕೊಂಡಿರಬೇಕು, ಮುಚ್ಚಳಗಳು ಅದಲುಬದಲಾಗದಂತೆ.