ಜ್ವರ ಬಿಟ್ಟ ಮೇಲಿನ ಎರಡು ದಿನ

ಮಳೆಗಾಲದಲ್ಲಿ ನಮ್ಮ ಮಕ್ಕಳ ವಾರ್ಡಿನಲ್ಲಿ ರೌಂಡ್ಸ್‌ಗೆ ಹೊರಟರೆ ಮಂಚ ಮಂಚದಲ್ಲೂ ಒಂದೇ ಪ್ರಶ್ನೆ: "ಮೇಡಂ, ಪ್ಲೇಟ್‌ಲೆಟ್ ಎಷ್ಟಿದೆ?" ನಾನು ಮೊದಲು ಮಗುವಿನ ಪಾದ ಮುಟ್ಟಿ ನೋಡುತ್ತೇನೆ. ಆಮೇಲೆ ಸಿಸ್ಟರ್ ಹತ್ತಿರ ಪಿಸಿವಿ ಕೇಳುತ್ತೇನೆ.

ಡೆಂಗಿಯಲ್ಲಿ ಮಕ್ಕಳ ಜೀವಕ್ಕೆ ಹೆಚ್ಚಾಗಿ ಕುತ್ತು ತರುವುದು ರಕ್ತನಾಳಗಳ ಸೋರಿಕೆ. ನಾಳದ ಒಳಮೈಗೆ ಗ್ಲೈಕೋಕ್ಯಾಲಿಕ್ಸ್ ಎಂಬ ತೆಳ್ಳನೆಯ ಲೇಪವಿರುತ್ತದೆ. ಸೋಂಕಿನ ವೇಳೆ ರಕ್ತಕ್ಕೆ ಸೇರುವ ಎನ್‌ಎಸ್‌1 ಪ್ರೋಟೀನು (ಜ್ವರದ ಮೊದಲ ದಿನಗಳಲ್ಲಿ ಲ್ಯಾಬಿನವರು ಹುಡುಕುವುದೂ ಇದನ್ನೇ) ಆ ಲೇಪವನ್ನು ಕೆಡಿಸುತ್ತದೆಂದು 2015ರಿಂದೀಚಿನ ಪ್ರಯೋಗಗಳು ತೋರಿಸಿವೆ. ಲೇಪ ಕಿತ್ತುಬಂದಾಗ ಅದರ ಚೂರಾದ ಸಿಂಡೆಕಾನ್‌-1 ರಕ್ತದಲ್ಲಿ ಸಿಗುತ್ತದೆ. ನಾಳದ ಜೀವಕೋಶಗಳು ಆಂಜಿಯೊಪೊಯೆಟಿನ್‌-2 ಬಿಡುತ್ತವೆ, ಅವುಗಳ ನಡುವಿನ ಬೆಸುಗೆ ಸಡಿಲವಾಗುತ್ತದೆ. ಕಾಯಿಲೆ ತೀವ್ರವಾದ ಮಕ್ಕಳಲ್ಲಿ ಇವೆರಡೂ ಏರಿರುತ್ತವೆ. ಮಕ್ಕಳ ಸಣ್ಣ ನಾಳಗಳು ದೊಡ್ಡವರದಕ್ಕಿಂತ ಬೇಗ ಸೋರುವಂಥವು ಬೇರೆ.

ಸಿಂಡೆಕಾನ್, ಆಂಜಿಯೊಪೊಯೆಟಿನ್‌ಗಳನ್ನು ಅಳೆಯುವ ಸೌಕರ್ಯ ತಾಲ್ಲೂಕು ಆಸ್ಪತ್ರೆಯಲ್ಲಿಲ್ಲ. ಆದರೆ ಪಿಸಿವಿ ಇದೆ. ರಕ್ತದಲ್ಲಿ ಕೆಂಪುಕಣಗಳ ಪಾಲು ಎಷ್ಟೆಂದು ಅದು ಹೇಳುತ್ತದೆ. ನೀರಿನಂಶ ನಾಳದಿಂದ ಹೊರಗೆ ಹೋದಂತೆ ಉಳಿದ ರಕ್ತ ಕುದ್ದು ಬತ್ತಿದ ಸಾರಿನಂತೆ ಗಟ್ಟಿಯಾಗುತ್ತದೆ. 35 ಇದ್ದದ್ದು 42 ಆದರೆ ಶೇ. 20 ಏರಿಕೆ, ಸೋರಿಕೆ ಜೋರಾಗಿದೆ ಎಂದರ್ಥ. ಬಿಪಿ 100/80 ಎಂದು ಬರೆದಿದ್ದರೆ ಮೇಲಿನ ಅಂಕಿ ನೋಡಿ ಸಮಾಧಾನಪಡಬೇಡಿ. ಎರಡರ ಅಂತರ 20ಕ್ಕೆ ಇಳಿದರೆ ಮಗು ಶಾಕ್‌ಗೆ ಜಾರಿದೆ. ಆಗಲೂ ಅದು ಮಾತಾಡುತ್ತಿರಬಹುದು, ನೀರು ಕೇಳಬಹುದು. ಪಾದ ಮಾತ್ರ ತಣ್ಣಗಿರುತ್ತದೆ. ಉಗುರು ಒತ್ತಿ ಬಿಟ್ಟರೆ ಕೆಂಪು ಮರಳಲು ಎರಡು ಸೆಕೆಂಡಿಗಿಂತ ಹೆಚ್ಚು ಬೇಕಾಗುತ್ತದೆ.

ಇದೆಲ್ಲ ನಡೆಯುವುದು ಸಾಮಾನ್ಯವಾಗಿ ಮೂರರಿಂದ ಏಳನೇ ದಿನದೊಳಗೆ, ಜ್ವರ ಇಳಿಯುವ ಹೊತ್ತಿಗೆ. "ಜ್ವರ ಬಿಟ್ಟಿದೆ ಮೇಡಂ, ಮನೆಗೆ ಕರ್ಕೊಂಡು ಹೋಗ್ತೀವಿ" ಎಂದು ತಾಯಿ ಬಟ್ಟೆಬರೆ ಕಟ್ಟುತ್ತಿರುತ್ತಾಳೆ. "ಇನ್ನೆರಡು ದಿನ ಇರಮ್ಮ, ಈಗಲೇ ನೋಡ್ಕೋಬೇಕಾದ್ದು" ಎಂದು ಕೂರಿಸಿ ಹೇಳುತ್ತೇನೆ. ಸೋರಿಕೆ 24ರಿಂದ 48 ಗಂಟೆ ಇರುತ್ತದೆ. ಬಳಿಕ ನಾಳಗಳು ಸುಧಾರಿಸಿಕೊಂಡು, ಹೊರಹೋದ ನೀರು ರಕ್ತಕ್ಕೆ ಮರಳುತ್ತದೆ. ಆಗಲೂ ಡ್ರಿಪ್ ಹಿಂದಿನಂತೆಯೇ ಓಡುತ್ತಿದ್ದರೆ ಶ್ವಾಸಕೋಶದಲ್ಲಿ ನೀರು ತುಂಬುತ್ತದೆ. "ಇನ್ನೊಂದು ಬಾಟಲಿ ಹಾಕಿ" ಎಂದವರಿಗೆ ನಾನು ಒಪ್ಪದಿರುವುದು ಅದಕ್ಕೇ.

ರಕ್ತ ಹೋಗದ ಮಗುವಿಗೆ ಎಣಿಕೆ ನೋಡಿ ಪ್ಲೇಟ್‌ಲೆಟ್ ಏರಿಸಿದರೆ ಸೋರಿಕೆ ನಿಲ್ಲದು. ಪಪ್ಪಾಯಿ ಎಲೆಯ ರಸ ಒತ್ತಾಯದಿಂದ ಕುಡಿಸಿ ಮಗು ವಾಂತಿ ಮಾಡಿಕೊಂಡರೆ, ಅದು ರಸದ ವಾಂತಿಯೋ ಕಾಯಿಲೆಯದೋ ಎಂದು ನಮಗೆ ತಿಳಿಯುವುದಿಲ್ಲ. ಜ್ವರಕ್ಕೆ ಪ್ಯಾರಾಸಿಟಮಾಲ್ ಸಾಕು. ಆಸ್ಪಿರಿನ್, ಐಬುಪ್ರೊಫೆನ್ ಕೊಡಬೇಡಿ. ಹೊಟ್ಟೆನೋವು, ನಿಲ್ಲದ ವಾಂತಿ, ಮಂಪರು, ಬಾಯಲ್ಲೋ ಮೂಗಲ್ಲೋ ರಕ್ತ, ಆರು ಗಂಟೆಯಾದರೂ ಮೂತ್ರ ಹೋಗದಿರುವುದು, ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲೆಂದು ಕಾಯದೆ ಮಗುವನ್ನು ಎತ್ತಿಕೊಂಡು ಬನ್ನಿ.