ಹಾತಿಮಿಯ ಪೇಚಾಟ

ಮುಂಭಾಗ ಆನೆ, ಹಿಂಭಾಗ ತಿಮಿಂಗಿಲ. ಹೆಸರು ಹಾತಿಮಿ. ನೀರಿಗಿಳಿಯೋಣ ಎಂದು ಹಿಂದಿನ ಅರ್ಧ ಹಟ ಹಿಡಿದರೆ, ಕಾಡಿಗೆ ನಡೆ ಎಂದು ಮುಂದಿನ ಅರ್ಧ ಎಳೆಯುತ್ತದೆ. ಅದರ ನೆರೆಯಲ್ಲಿ ಗಿಳಿಯ ಮುಖ ಅಂಟಿಸಿಕೊಂಡ ಓತಿಕ್ಯಾತ ಚಿಂತೆಯಲ್ಲಿದೆ. ಹುಳುಹುಪ್ಪಟೆ ತಿಂದು ಬೆಳೆದ ಜೀವ, ಇನ್ನು ಮೇಲೆ ಹಸಿಮೆಣಸಿನಕಾಯಿ ಕಚ್ಚಬೇಕೇ? ಬಯಲಲ್ಲಿ ಅಲೆದು ಸಾಕಾದ ಜಿರಾಫೆಗೆ ಮಿಡತೆಯಂತೆ ಹಾರುವ ಆಸೆ. ಹಿಂದೆ ಹುಂಜ ತಗುಲಿಕೊಂಡ ಹಸುವಂತೂ ಈ ರೋಗ ತನಗೂ ಬಂತೇ ಎಂದು ಕಂಗಾಲಾಗಿದೆ.

ಬಂಗಾಳಿ ಮಕ್ಕಳು ನೂರು ವರ್ಷಗಳಿಂದ ನೋಡಿ ನಗುತ್ತಿರುವ ಈ ಪ್ರಾಣಿಗಳೆಲ್ಲ ‘ಖಿಚುಡಿ’ ಎಂಬ ಒಂದೇ ಪದ್ಯದ ಸಂತಾನ. ಪದ್ಯ ಬರೆದವರೂ ಚಿತ್ರ ಬಿಡಿಸಿದವರೂ ಸುಕುಮಾರ ರಾಯ್. ಕರ್ನಾಟಕದಲ್ಲಿ ಅವರನ್ನು ಬಹುಮಂದಿ ಬಲ್ಲದ್ದು ಸತ್ಯಜಿತ್ ರಾಯ್ ಅವರ ತಂದೆ ಎಂದು ಮಾತ್ರ. ಭಾರತದ ಮಕ್ಕಳ ಪುಸ್ತಕಗಳಲ್ಲಿ ಅವರ ಗೆರೆಗೆ ಸಾಟಿಯಾದದ್ದು ಇನ್ನೂ ಬಂದಿಲ್ಲ ಎಂದೇ ನಾನು ನಂಬಿದ್ದೇನೆ.

ಸುಕುಮಾರ್ ಚಿತ್ರಕಲೆಯ ಶಾಲೆಗೆ ಹೋದವರಲ್ಲ. 1887ರ ಅಕ್ಟೋಬರ್ 30ರಂದು ಕಲ್ಕತ್ತೆಯಲ್ಲಿ ಹುಟ್ಟಿ, ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಭೌತಶಾಸ್ತ್ರ ಮತ್ತು ರಸಾಯನಶಾಸ್ತ್ರ ಎರಡರಲ್ಲೂ ಆನರ್ಸ್ ಪದವಿ ಪಡೆದರು. ವೃತ್ತಿ ಮುದ್ರಣ. ಚಿತ್ರ ಬಿಡಿಸುವುದು ಮನೆಯಲ್ಲಿ ಹತ್ತಿದ ಹುಚ್ಚು. ಓದು ಮುಗಿಯುವ ಹೊತ್ತಿಗೆ ಗೆಳೆಯರನ್ನೂ ನೆಂಟರನ್ನೂ ಸೇರಿಸಿ ‘ನಾನ್‌ಸೆನ್ಸ್ ಕ್ಲಬ್’ ಕಟ್ಟಿದರು. ಅದಕ್ಕೊಂದು ಕೈಬರಹದ ಪತ್ರಿಕೆ, ಹೆಸರು ‘ಸಾಡೆ ಬತ್ರಿಶ್ ಭಾಜಾ’. ಬೀದಿಯಲ್ಲಿ ಕುರುಕಲು ಮಾರುವವನ ಕೂಗಿನಿಂದ ಎತ್ತಿಕೊಂಡ ಹೆಸರದು. ಮುಂದೆ ಅರಳಿದ್ದೆಲ್ಲದರ ಮೊಗ್ಗು ಆ ಮನೆಮಂದಿಯ ತಮಾಷೆಯಲ್ಲೇ ಇತ್ತು.

ಅಪ್ಪ ಉಪೇಂದ್ರಕಿಶೋರ್ ಅವರ ಮಾತು ಬಾರದೆ ಈ ಕಥೆ ಪೂರ್ತಿಯಾಗದು. ಮಕ್ಕಳಿಗಾಗಿ ತಾವು ಬರೆದ ರಾಮಾಯಣದ ಚಿತ್ರಗಳು ಮರದ ಅಚ್ಚಿನಲ್ಲಿ ಕೆಟ್ಟದಾಗಿ ಮೂಡಿದ್ದನ್ನು ಕಂಡು ಅವರು ನೊಂದುಕೊಂಡರು. ಇಂಗ್ಲೆಂಡಿನಿಂದ ಕ್ಯಾಮೆರಾ, ಸಲಕರಣೆ ತರಿಸಿ ಹಾಫ್‌ಟೋನ್ ಮುದ್ರಣವನ್ನು ತಾವೇ ಕಲಿತರು. ಛಾಯಾಚಿತ್ರವನ್ನು ಸಣ್ಣ ಚುಕ್ಕಿಗಳಾಗಿ ಒಡೆದು, ಚುಕ್ಕಿಯ ಗಾತ್ರದಿಂದಲೇ ಕಪ್ಪು ಬಿಳುಪಿನ ಛಾಯೆಗಳನ್ನು ತೋರಿಸುವ ಕ್ರಮ ಅದು. ಈ ಚುಕ್ಕಿಗಳ ಲೆಕ್ಕಾಚಾರದ ಬಗ್ಗೆ ಅವರು ಬರೆದ ಲೇಖನಗಳನ್ನು ಬ್ರಿಟನ್ನಿನ ‘ಪೆನ್‌ರೋಸ್’ ವಾರ್ಷಿಕ ಸಂಚಿಕೆ ಪ್ರಕಟಿಸಿತು. ಮಗ ಅದೇ ದಾರಿ ಹಿಡಿದು 1911ರಲ್ಲಿ ವಿದ್ಯಾರ್ಥಿವೇತನ ಪಡೆದು ಹಡಗು ಹತ್ತಿದ. ಲಂಡನ್ನಿನಲ್ಲೂ ಮ್ಯಾಂಚೆಸ್ಟರಿನಲ್ಲೂ ಬ್ಲಾಕ್ ತಯಾರಿಕೆ, ಲಿಥೋ ಮುದ್ರಣ ಕಲಿತು 1913ರಲ್ಲಿ ಮರಳಿದ. ಅದೇ ವರ್ಷ ಉಪೇಂದ್ರಕಿಶೋರ್ ‘ಸಂದೇಶ್’ ಎಂಬ ಮಕ್ಕಳ ಮಾಸಪತ್ರಿಕೆ ಶುರುಮಾಡಿದ್ದರು. 1915ರ ಡಿಸೆಂಬರಿನಲ್ಲಿ ಅವರು ತೀರಿಕೊಂಡ ಮೇಲೆ ಪತ್ರಿಕೆಯೂ ಗಡ್ಪಾರ್ ರಸ್ತೆಯ ಅಚ್ಚುಕೂಟವೂ ಸುಕುಮಾರರ ಹೆಗಲಿಗೆ ಬಂದವು. ತಿಂಗಳು ತಿಂಗಳೂ ಪುಟ ತುಂಬಬೇಕು; ಪದ್ಯ, ಕಥೆ, ವಿಜ್ಞಾನ ಬರಹ, ಚಿತ್ರ ಎಲ್ಲವೂ ಬೇಕು. ‘ಆಬೋಲ್ ತಾಬೋಲ್’ ಸಂಕಲನದ ಪದ್ಯಗಳೂ ಚಿತ್ರಗಳೂ ಬಹುಪಾಲು ಹುಟ್ಟಿದ್ದು ಈ ಗಡಿಬಿಡಿಯಲ್ಲೇ.

ಆ ಚಿತ್ರಗಳಲ್ಲಿ ಒಂದನ್ನು ನಿಧಾನವಾಗಿ ನೋಡಬೇಕು. ‘ಹಾಂಸ್‌ಜಾರು’ ಬಾತುಕೋಳಿ ಮತ್ತು ಮುಳ್ಳುಹಂದಿ ಕೂಡಿದ ಪ್ರಾಣಿ. ವ್ಯಾಕರಣಕ್ಕೆ ಸೊಪ್ಪು ಹಾಕದೆ ಅದು ಹೇಗೋ ಆಗಿಬಿಟ್ಟಿತು ಎಂಬುದು ‘ಖಿಚುಡಿ’ ಪದ್ಯದ ಮಾತು. ಚಿತ್ರ ಮಾತ್ರ ಎಲ್ಲೂ ‘ಹೇಗೋ’ ಆದಂತಿಲ್ಲ. ಬಾತುಕೋಳಿ ಎಲ್ಲಿ ಮುಗಿಯಿತು, ಮುಳ್ಳು ಎಲ್ಲಿ ಶುರುವಾಯಿತು ಎಂದು ಹುಡುಕಿದರೆ ಹೊಲಿಗೆ ಸಿಗುವುದಿಲ್ಲ. ‘ಬಕಚ್ಛಪ’ದಲ್ಲಿ ಆಮೆಯ ಮೈಯಿಂದ ಕೊಕ್ಕರೆಯ ಕತ್ತು ಮೇಲೆದ್ದಿದೆ, ಇಂಥದ್ದು ಕೆರೆಯಂಚಿನಲ್ಲಿ ಎದುರಾದರೂ ಆದೀತು ಅನ್ನಿಸುತ್ತದೆ. ಸುಳ್ಳು ಪ್ರಾಣಿಯನ್ನು ಇಷ್ಟು ನಿಜವಾಗಿ ನಿಲ್ಲಿಸಬೇಕಾದರೆ ನಿಜವಾದ ಪ್ರಾಣಿಗಳನ್ನು ಕಣ್ಣಿಟ್ಟು ನೋಡಿರಬೇಕು. ವಿಚಿತ್ರವಾದದ್ದನ್ನು ಬಿಡಿಸಲು ಹೊರಟವರು ಗೆರೆಯನ್ನೂ ವಿಚಿತ್ರ ಮಾಡಿಬಿಡುವುದೇ ಹೆಚ್ಚು. ಸುಕುಮಾರ್ ಹಾಗೆ ಮಾಡಲಿಲ್ಲ. ಕಲ್ಪನೆ ಎಷ್ಟು ಅಂಕೆ ತಪ್ಪಿದೆಯೋ ಗೆರೆ ಅಷ್ಟೇ ಬಿಗಿ. ಅವರ ಗುಟ್ಟು ಇದೇ ಎಂದು ನನಗೆ ಅನ್ನಿಸುತ್ತದೆ.

ಇಂಗ್ಲಿಷಿನ ಎಡ್ವರ್ಡ್ ಲಿಯರ್ ಅವರೊಂದಿಗೆ ಸುಕುಮಾರರನ್ನು ಹೋಲಿಸುವುದು ವಾಡಿಕೆ. ಇಬ್ಬರೂ ತಮ್ಮ ಪದ್ಯಕ್ಕೆ ತಾವೇ ಚಿತ್ರ ಬರೆದವರು. ಆದರೆ ಲಿಯರ್ ಪಕ್ಕಾ ವೃತ್ತಿ ಚಿತ್ರಕಾರ, ಪಕ್ಷಿಗಳನ್ನೂ ಭೂದೃಶ್ಯಗಳನ್ನೂ ಬಿಡಿಸಿ ಬದುಕಿದವರು. ತಮಾಷೆಯ ಚಿತ್ರಕ್ಕೆ ಕೂತಾಗ ಬೇಕೆಂದೇ ಮಕ್ಕಳಂತೆ ಗೀಚುತ್ತಿದ್ದರು. ಕಲಿಯದ ಸುಕುಮಾರ್ ತಮಾಷೆಗೆ ಕೂತಾಗಲೇ ಅತ್ಯಂತ ಜಾಗರೂಕರಾಗುತ್ತಿದ್ದರು.

ಕೂಡು ಪ್ರಾಣಿ ನಮಗೇನೂ ಹೊಸದಲ್ಲ. ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಪಟ್ಟಿಕೆಯಲ್ಲಿ ಸಾಲುಗಟ್ಟಿ ನಡೆಯುವ ಮಕರಗಳಿಗೆ ಮೊಸಳೆಯ ಬಾಯಿ, ಆನೆಯ ಸೊಂಡಿಲು, ನವಿಲಿನ ಬಾಲ. ಕರ್ನಾಟಕದ ಲಾಂಛನದಲ್ಲಿ ನಡುವೆ ಎರಡು ತಲೆಯ ಗಂಡಭೇರುಂಡ, ಅಕ್ಕಪಕ್ಕ ಆನೆಯ ತಲೆ ಹೊತ್ತ ಸಿಂಹಗಳು. ಆದರೆ ಇವೆಲ್ಲ ಬಲದ ಗುರುತುಗಳು. ಎರಡು ಜೀವಿಗಳ ಶಕ್ತಿ ಕೂಡಿದರೆ ಇಮ್ಮಡಿ ಬಲ ಎಂಬುದು ಶಿಲ್ಪಿಯ ನಂಬಿಕೆ. ಗಂಡಭೇರುಂಡದ ಒಂದು ತಲೆ ಪೂರ್ವಕ್ಕೂ ಇನ್ನೊಂದು ಪಶ್ಚಿಮಕ್ಕೂ ಹಾರಲು ಬಯಸಿದರೆ ಏನು ಗತಿ ಎಂದು ಅಲ್ಲಿ ಯಾರೂ ಕೇಳಲಿಲ್ಲ. ಸುಕುಮಾರ್ ಕೇಳಿದರು. ಹಾತಿಮಿಗೆ ಸಿಕ್ಕಿದ್ದು ಎರಡು ಬಲವಲ್ಲ, ಎರಡು ಆಸೆ. ಅದರ ಪೇಚಾಟವನ್ನು ಅವರು ಎಳ್ಳಷ್ಟೂ ಹೀಯಾಳಿಸದೆ ಬಿಡಿಸಿದರು. ಒಂದು ಕಾಲು ಊರಿನಲ್ಲಿ, ಒಂದು ಕಾಲು ಪರದೇಶದಲ್ಲಿ ಇಟ್ಟುಕೊಂಡ ನಮ್ಮ ಎಷ್ಟೋ ಮನೆಗಳಿಗೆ ಆ ಪ್ರಾಣಿಯ ಪರಿಚಯ ಹೇಳಿಕೊಡಬೇಕಾಗಿಲ್ಲ.

ಮೇಷ್ಟ್ರು ಕಲಿಸಿದ ಭೌತಶಾಸ್ತ್ರ ವ್ಯರ್ಥವಾಗಲಿಲ್ಲ ಎನ್ನುವುದಕ್ಕೆ ‘ಖುಡೋರ್ ಕಲ್’ ಪದ್ಯದ ಚಿತ್ರ ನೋಡಬೇಕು. ಚಂಡೀದಾಸನ ಚಿಕ್ಕಪ್ಪ ಕಂಡುಹಿಡಿದ ಯಂತ್ರ ಅದು. ಬೆನ್ನಿಗೆ ಒಂದು ಚೌಕಟ್ಟು ಕಟ್ಟಿಕೊಳ್ಳಬೇಕು; ಅದರ ತೋಳು ತಲೆಯ ಮೇಲಿನಿಂದ ಮುಂದಕ್ಕೆ ಚಾಚಿ, ಮೂಗಿನ ನೇರಕ್ಕೆ ಮಿಠಾಯಿಯನ್ನೋ ಕಟ್ಲೆಟ್ಟನ್ನೋ ಲೂಚಿಯನ್ನೋ ತೂಗಿಸುತ್ತದೆ. ತಿನ್ನುವ ಆಸೆಗೆ ಬಾಯಿ ಮುಂದೆ ಹೋಗುತ್ತದೆ, ಬಾಯಿಯ ಜೊತೆ ತಿಂಡಿಯೂ ಮುಂದೆ ಹೋಗುತ್ತದೆ. ಐದು ಗಂಟೆಯ ದಾರಿ ಒಂದೂವರೆ ಗಂಟೆಯಲ್ಲಿ ಮುಗಿಯುತ್ತದೆ. ಚಿತ್ರದಲ್ಲಿ ಆ ಯಂತ್ರ ಕೆಲಸ ಮಾಡುವ ಬಗೆ ಸ್ಪಷ್ಟವಾಗಿ ಕಾಣುತ್ತದೆ, ಬಡಗಿಗೆ ತೋರಿಸಿದರೆ ಮಾಡಿಕೊಡಬಲ್ಲ. ನಗು ಬರುವುದು ಚಿಕ್ಕಪ್ಪನ ಪೆದ್ದುತನಕ್ಕಲ್ಲ, ಯಂತ್ರ ನಿಜಕ್ಕೂ ನಡೆಯುತ್ತದಲ್ಲ ಎಂಬುದಕ್ಕೆ. ಬಡ್ತಿಯನ್ನೋ ಸೈಟನ್ನೋ ಕಣ್ಣ ಮುಂದೆ ತೂಗಿಸಿಕೊಂಡು ಓಡುವವರೆಲ್ಲ ಈ ಚಿತ್ರವನ್ನು ಒಮ್ಮೆ ನೋಡಬೇಕು.

ವಿಲಕ್ಷಣ ಪ್ರಾಣಿಗಳಷ್ಟೇ ಕಚೇರಿಯೂ ಸುಕುಮಾರರನ್ನು ಸೆಳೆಯಿತು. ಅದು ಬ್ರಿಟಿಷರ ಕಲ್ಕತ್ತೆ, ಗುಮಾಸ್ತರ ಊರು. ಒಂದು ಪದ್ಯದಲ್ಲಿ ಹೆಡ್ ಆಫೀಸಿನ ಸಾಧು ಸ್ವಭಾವದ ದೊಡ್ಡಬಾಬು ಇದ್ದಕ್ಕಿದ್ದಂತೆ ಎದ್ದು ನನ್ನ ಮೀಸೆ ಕಳವಾಗಿದೆ ಎಂದು ಬೊಬ್ಬಿಡುತ್ತಾರೆ. ಕನ್ನಡಿ ತಂದು ಹಿಡಿದರೆ, ಈ ಕೊಳಕು ಮೀಸೆ ನನ್ನದೇ ಅಲ್ಲ ಎಂದು ಎಲ್ಲರ ಮೇಲೂ ಹರಿಹಾಯುತ್ತಾರೆ. ಹಾರುಬಾಬುವಿನ ಆಫೀಸಿನಲ್ಲಿ ಕಾಣಸಿಗುವ ‘ಟ್ಯಾಂಶ್ ಗೋರು’ ಹೆಸರಿಗೆ ಹಸು, ಅಸಲಿಗೆ ಹಕ್ಕಿ. ಅದಕ್ಕೆ ರುಚಿಸುವುದು ಸಾಬೂನಿನ ಸೂಪ್ ಮತ್ತು ಮೇಣದಬತ್ತಿ. ‘ಏಕುಶೇ ಆಯಿನ್’ ಪದ್ಯದ ರಾಜ್ಯದಲ್ಲಿ ಕಾಲು ಜಾರಿ ಬಿದ್ದವನನ್ನೂ ಪ್ಯಾದೆ ಹಿಡಿದೊಯ್ಯುತ್ತಾನೆ, ದಂಡ ಇಪ್ಪತ್ತೊಂದು ರೂಪಾಯಿ. ಸಂಜೆ ಆರಕ್ಕೆ ಮೊದಲು ಸೀನಬೇಕಾದರೆ ಟಿಕೆಟ್ ತೆಗೆದುಕೊಳ್ಳಬೇಕು. ಪರಕೀಯ ಸರ್ಕಾರದ ಕಾನೂನಿನಡಿ ಬಾಳುತ್ತಿದ್ದ ದೊಡ್ಡವರಿಗೆ ಇದರ ಮೊನೆ ಎಲ್ಲಿ ಚುಚ್ಚುತ್ತದೆಂದು ತಿಳಿಯುತ್ತಿತ್ತು. ಮಗುವಿಗೆ ಮಾತ್ರ ಸೀನಿಗೆ ಟಿಕೆಟ್ ಎಂಬುದೊಂದೇ ಸಾಕು. ಎರಡು ಓದೂ ಒಂದೇ ಚಿತ್ರದೊಳಗೆ ಜಗಳವಿಲ್ಲದೆ ಇರುತ್ತವೆ.

ವಿದ್ವತ್ತನ್ನೂ ಅವರು ಅಣಕಿಸದೆ ಬಿಡಲಿಲ್ಲ. ಕಾನನ್ ಡಾಯ್ಲ್ ಅವರ ‘ಲಾಸ್ಟ್ ವರ್ಲ್ಡ್’ ಕಾದಂಬರಿಯ ಅಣಕವಾದ ‘ಹೆಶೋರಾಮ್ ಹುಶಿಯಾರೆರ್ ಡೈರಿ’ಯಲ್ಲಿ ಕಾರಾಕೋರಂ ಬೆಟ್ಟಗಳಲ್ಲಿ ಸಿಕ್ಕ ಮೃಗಗಳಿಗೆಲ್ಲ ಲ್ಯಾಟಿನ್ ಗತ್ತಿನ ಹೆಸರುಗಳು. ಮುಖ ಸಿಂಡರಿಸಿಕೊಂಡೇ ಇರುವುದು ಗೋಮ್ರಾಥೇರಿಯಂ, ಕಿರುಚುವುದು ಚಿಲ್ಲಾನೊಸಾರಸ್, ಪಾಪದ್ದು ಬೇಚಾರಾಥೇರಿಯಂ. ಪ್ರಾಣಿಶಾಸ್ತ್ರದ ಪುಸ್ತಕದ ಶಿಸ್ತಿನಲ್ಲೇ ಅವುಗಳ ಚಿತ್ರಗಳೂ ಬಂದವು.

1921ರ ಮೇ 2ರಂದು ಮಗ ಸತ್ಯಜಿತ್ ಹುಟ್ಟಿದ. ಅದೇ ವರ್ಷ ಸುಕುಮಾರರಿಗೆ ಕಾಲಾ ಆಜಾರ್ ಅಂಟಿತು. ಅದೇ ಕಲ್ಕತ್ತೆಯಲ್ಲಿ, ಅದೇ ವರ್ಷಗಳಲ್ಲಿ ಉಪೇಂದ್ರನಾಥ ಬ್ರಹ್ಮಚಾರಿ ಆ ಕಾಯಿಲೆಗೆ ಯೂರಿಯಾ ಸ್ಟಿಬಮೈನ್ ಎಂಬ ಔಷಧ ಕಂಡುಹಿಡಿದರು, ಆದರೂ ಸುಕುಮಾರ್ ಉಳಿಯಲಿಲ್ಲ. ಎರಡೂವರೆ ವರ್ಷದ ಹಾಸಿಗೆಯಲ್ಲೂ ಅವರ ಕೈ ನಿಲ್ಲಲಿಲ್ಲ. ‘ಹ ಜ ಬ ರ ಲ’ ಎಂಬ ಕಥೆ ಬಂತು; ಅದರಲ್ಲಿ ಕರವಸ್ತ್ರ ಬೆಕ್ಕಾಗುತ್ತದೆ, ಕಾಗೆ ಸ್ಲೇಟು ಹಿಡಿದು ಲೆಕ್ಕ ಬರೆಯುತ್ತದೆ, ವಯಸ್ಸು ನಲವತ್ತು ಮುಟ್ಟಿದ ಕೂಡಲೇ ಹಿಮ್ಮುಖವಾಗಿ ಇಳಿಯತೊಡಗುತ್ತದೆ. ‘ಆಬೋಲ್ ತಾಬೋಲ್’ ಪುಸ್ತಕವನ್ನು, ಅದರ ರಕ್ಷಾಪುಟದಿಂದ ಹಿಡಿದು ಒಳಪುಟಗಳ ವಿನ್ಯಾಸದವರೆಗೆ, ಅವರು ತಯಾರು ಮಾಡಿದ್ದೂ ಮಲಗಿದಲ್ಲಿಂದಲೇ. ರವೀಂದ್ರನಾಥ ಠಾಕೂರರು ಬಂದು ಮಂಚದ ಬಳಿ ಕೂತು ಅವರಿಗಾಗಿ ಹಾಡಿದರು. 1923ರ ಸೆಪ್ಟೆಂಬರ್ 10ರಂದು, ಮೂವತ್ತಾರು ತುಂಬುವ ಮೊದಲೇ ಸುಕುಮಾರ್ ಹೋದರು. ಒಂಬತ್ತು ದಿನಗಳ ಮೇಲೆ ಪುಸ್ತಕ ಹೊರಬಂತು. ಅದನ್ನು ಅವರು ನೋಡಲಿಲ್ಲ. ಕೆಲವೇ ವರ್ಷಗಳಲ್ಲಿ ಅಚ್ಚುಕೂಟವೂ ಕೈತಪ್ಪಿತು. ನಿಂತುಹೋಗಿದ್ದ ‘ಸಂದೇಶ್’ ಪತ್ರಿಕೆಯನ್ನು 1961ರಲ್ಲಿ ಮತ್ತೆ ಶುರುಮಾಡಿದ್ದು ಸತ್ಯಜಿತ್. ಅಪ್ಪನ ಜನ್ಮಶತಮಾನೋತ್ಸವದ 1987ರಲ್ಲಿ ಅವರ ಬಗ್ಗೆ ಸಾಕ್ಷ್ಯಚಿತ್ರವನ್ನೂ ಮಾಡಿದರು.

‘ಆಬೋಲ್ ತಾಬೋಲ್’ ಚಿತ್ರಗಳ ಹಕ್ಕುಸ್ವಾಮ್ಯ ತೀರಿ ದಶಕಗಳಾಗಿವೆ. ಯಾರು ಬೇಕಾದರೂ ಅಚ್ಚು ಹಾಕಬಹುದು. ಮಕ್ಕಳ ಪುಸ್ತಕ ತರುವ ನಮ್ಮ ಪ್ರಕಾಶಕರಲ್ಲಿ ನನ್ನದೊಂದು ಕೋರಿಕೆ: ಕನ್ನಡದ ಒಳ್ಳೆಯ ಕವಿಯೊಬ್ಬರನ್ನು ಹಿಡಿದು ಪದ್ಯಗಳನ್ನು ಕನ್ನಡದ ಲಯದಲ್ಲಿ ಬರೆಸಿ, ಚಿತ್ರಗಳನ್ನು ಮಾತ್ರ ಮುಟ್ಟಬೇಡಿ. ಬಣ್ಣ ತುಂಬಬೇಡಿ, ಹೊಸಬರಿಂದ ಮತ್ತೆ ಬಿಡಿಸಬೇಡಿ. ಸುಕುಮಾರರ ಗೆರೆ ಹೇಗಿದೆಯೋ ಹಾಗೆಯೇ, ಒಳ್ಳೆಯ ಕಾಗದದ ಮೇಲೆ, ದೊಡ್ಡದಾಗಿ ಅಚ್ಚಾಗಲಿ.