ಹೆಪ್ಪುಗಟ್ಟದ ಹಾಲು

ಹೆಪ್ಪು ಹಾಕಿದ ಹಾಲು ಬೆಳಗಾದರೂ ಮೊಸರಾಗದಿದ್ದರೆ ಮನೆಯ ಹಿರಿಯರು ಹೆಪ್ಪನ್ನೋ ಚಳಿಯನ್ನೋ ದೂರುವುದುಂಟು. ಕೆಲವೊಮ್ಮೆ ತಪ್ಪು ಎರಡರದೂ ಅಲ್ಲ. ಕೆಚ್ಚಲುಬಾವಿಗೆಂದು ಹಸುವಿಗೆ ಕೊಟ್ಟ ಪೆನಿಸಿಲಿನ್ನಿನಂಥ ಔಷಧದ ಶೇಷ ಹಾಲಿಗಿಳಿದು, ಮೊಸರು ಮಾಡಬೇಕಾದ ಸೂಕ್ಷ್ಮಜೀವಿಗಳನ್ನೇ ತಡೆದಿರಬಹುದು.

ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲಗಳ ಹಳ್ಳಿಗಳಲ್ಲಿ ಹೈನು ಎಷ್ಟೋ ಸಂಸಾರಗಳ ಆಧಾರ. ಹಾಲು ಉತ್ಪಾದಕರ ಸಂಘದಲ್ಲಿ ಹಲವು ಮನೆಗಳ ಹಾಲು ಒಂದಾಗುತ್ತದೆ. ಒಂದು ಮನೆಯ ಔಷಧಶೇಷ ಎಲ್ಲರ ಹಾಲಿಗೂ ಬೆರೆಯುತ್ತದೆ. ಕಾಯಿಸಿದ ಮಾತ್ರಕ್ಕೆ ಅದು ಪೂರ್ತಿ ನಾಶವಾಗದು. ಅಂತರರಾಷ್ಟ್ರೀಯ ಕೋಡೆಕ್ಸ್ ಮಾನಕದಂತೆ ಒಂದು ಕಿಲೋಗ್ರಾಂ ಹಾಲಿನಲ್ಲಿ ಬೆಂಜೈಲ್ ಪೆನಿಸಿಲಿನ್ 4 ಮೈಕ್ರೋಗ್ರಾಂ ಮೀರಕೂಡದು. ಮೈಕ್ರೋಗ್ರಾಂ ಎಂದರೆ ಗ್ರಾಮಿನ ಹತ್ತು ಲಕ್ಷದಲ್ಲೊಂದು ಪಾಲು.

ಇಷ್ಟು ಅಲ್ಪವನ್ನು ಹುಡುಕುವ ರೂಢಿಯ ಪರೀಕ್ಷೆಯೊಂದು ಹೆಪ್ಪಿನ ತತ್ತ್ವವನ್ನೇ ಅನುಸರಿಸುತ್ತದೆ. ಸೂಕ್ಷ್ಮಜೀವಿ ಬೆಳೆದು ಹುಳಿಯುಂಟಾದರೆ ನೇರಳೆ ಬಣ್ಣ ಹಳದಿಯಾಗುತ್ತದೆ. ಔಷಧವಿದ್ದರೆ ನೇರಳೆಯಾಗಿಯೇ ಉಳಿಯುತ್ತದೆ. ಆದರೆ ಇದಕ್ಕೆ ಗಂಟೆಗಳೇ ಬೇಕು.

ವಿಜ್ಞಾನಿಗಳು ರೂಪಿಸುತ್ತಿರುವ ಪ್ರತಿದೀಪ್ತಿ ಜೈವಿಕ ಸಂವೇದಕಗಳು ನಿಮಿಷಗಳಲ್ಲಿ ಉತ್ತರ ಹೇಳಬಲ್ಲವು. ಒಂದು ಬಗೆಯ ಬೆಳಕನ್ನು ಹೀರಿ ಇನ್ನೊಂದು ಬಣ್ಣದ ಬೆಳಕನ್ನು ಹೊಮ್ಮಿಸುವುದೇ ಪ್ರತಿದೀಪ್ತಿ. ಹಿಂಡಿನಲ್ಲಿ ತನ್ನ ಕರುವನ್ನೇ ಮೂಸಿ ಗುರುತಿಸುವ ಹಸುವಿನಂತೆ, ಗೊತ್ತಾದ ಔಷಧದ ಅಣುವನ್ನೇ ಗುರುತಿಸುವ ಡಿಎನ್‌ಎ ಎಳೆಯೊಂದಿರುತ್ತದೆ. ಅದರ ತುದಿಗೆ ಹೊಳೆಯುವ ಬಣ್ಣ. ಪಕ್ಕದಲ್ಲೇ ಆ ಹೊಳಪನ್ನು ಆರಿಸುವ ಇನ್ನೊಂದು ವಸ್ತು. ಔಷಧ ಬಂದೊಡನೆ ಎಳೆ ಅದನ್ನು ತಬ್ಬಿ ಆಕಾರ ಬದಲಿಸುತ್ತದೆ. ಬಣ್ಣ ದೂರ ಸರಿದು ಮಿನುಗುತ್ತದೆ. ಔಷಧ ಹೆಚ್ಚಿದಷ್ಟೂ ಹೊಳಪು ಹೆಚ್ಚು.

ತೊಡಕೂ ಇದೆ. ಹಾಲಿನ ಕೊಬ್ಬು ಬೆಳಕನ್ನು ಚದುರಿಸುತ್ತದೆ. ಹಾಲಿನಲ್ಲಿರುವ ರೈಬೋಫ್ಲೇವಿನ್ ತಾನೇ ಮಿನುಗುತ್ತದೆ. ಆದ್ದರಿಂದ ಮಾದರಿಯನ್ನು ಮೊದಲು ಸಂಸ್ಕರಿಸಬೇಕು. ಸಂದೇಹ ಬಂದದ್ದನ್ನು ಪ್ರಯೋಗಾಲಯದಲ್ಲಿ ಖಚಿತಪಡಿಸಿಕೊಳ್ಳಬೇಕು.

ಈ ಶೇಷ ಹಾಲಿನಲ್ಲಿಯೇ ನಿಲ್ಲುವುದಿಲ್ಲ. ಸಗಣಿ, ಗಂಜಲಗಳೊಡನೆ ಮಣ್ಣಿಗೂ ನೀರಿಗೂ ಸೇರಬಲ್ಲದು. ನಾಗಮಂಗಲದ ಕಡೆಯಿಂದ ಹರಿದು ಕರಿಘಟ್ಟದ ಬಳಿ ಕಾವೇರಿಯನ್ನು ಕೂಡುವ ಹೊಳೆಗೆ ನಮ್ಮವರು ಲೋಕಪಾವನಿಯೆಂದು ಹೆಸರಿಟ್ಟರು. ಆ ಹೆಸರನ್ನು ಉಳಿಸುವ ಹೊಣೆ ನಮ್ಮದು. ಅರೆಬರೆ ಔಷಧಕ್ಕೆ ಒಡ್ಡಿಕೊಂಡ ರೋಗಾಣು ಅದಕ್ಕೆ ಮಣಿಯದಂತಾಗುತ್ತದೆಂದು ಅಲೆಕ್ಸಾಂಡರ್ ಫ್ಲೆಮಿಂಗ್ 1945ರ ನೊಬೆಲ್ ಉಪನ್ಯಾಸದಲ್ಲೇ ಎಚ್ಚರಿಸಿದ್ದರು. ಮನುಷ್ಯನ ಕಡೆಯ ಆಸರೆಗಳಲ್ಲೊಂದಾದ ಕೊಲಿಸ್ಟಿನ್ ಔಷಧವನ್ನು ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಕೊಡುವುದನ್ನು ಭಾರತ ಸರ್ಕಾರ 2019ರಲ್ಲಿ ನಿಷೇಧಿಸಿತು.

ಸಂವೇದಕ ಇರುವುದನ್ನು ಹೇಳಬಲ್ಲದು, ಅಷ್ಟೇ. ಚಿಕಿತ್ಸೆಯಾದ ಹಸುವಿನ ಹಾಲನ್ನು ವೈದ್ಯರು ಹೇಳಿದಷ್ಟು ದಿನ ಸಂಘಕ್ಕೆ ಹಾಕದಿರುವವನು ರೈತನೇ. ಎರಡು ಹಸುಗಳಷ್ಟೇ ಇರುವ ಮನೆಗೆ ಆ ದಿನಗಳ ನಷ್ಟ ಸಣ್ಣದಲ್ಲ. ನಿಜ ಹೇಳಿದವನೊಬ್ಬನೇ ಅದನ್ನು ಹೊರಬೇಕೆ, ಶುದ್ಧ ಹಾಲು ಬಯಸುವ ನಾವೂ ಅದರಲ್ಲಿ ಪಾಲುಗೊಳ್ಳಬೇಕೆ ಎಂಬುದನ್ನು ಯಾವ ಯಂತ್ರವೂ ತೀರ್ಮಾನಿಸದು.